ಹಾಡಿನ ಕೊನೆಯಲ್ಲೊಂದು ಹೆಸರು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಹಳ್ಳಿಗಳಲ್ಲಿ ನಾಟಕವೆಂದರೆ ಒಂದು ರಾತ್ರಿಯ ಸಂಗತಿಯಲ್ಲ. ಅದಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯಬೇಕು. ಹಾರ್ಮೋನಿಯಂ ಮೇಷ್ಟ್ರು ಬರಬೇಕು, ಪಾರ್ಟು ಹಂಚಬೇಕು, ಚಂದಾ ಎತ್ತಬೇಕು, ಸೀನರಿಯವರಿಗೆ ಮುಂಗಡ ಕೊಡಬೇಕು. ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ‘ಕುರುಕ್ಷೇತ್ರ’ವೋ ಇನ್ನೊಂದು ಪೌರಾಣಿಕ ನಾಟಕವೋ ಬೆಳಗಿನ ಜಾವದವರೆಗೆ ನಡೆದು ಮುಗಿಯುತ್ತದೆ. ಮರುದಿನ ಸೀನರಿ ಲಾರಿ ಹತ್ತುತ್ತದೆ. ಕಿರೀಟ, ಗದೆ, ಜರಿಯ ಅಂಗಿ ಎಲ್ಲವೂ ಬಾಡಿಗೆಯವು, ಅವೂ ಹೋಗುತ್ತವೆ. ಊರಿನಲ್ಲಿ ಉಳಿಯುವುದು ಹಾಡು ಮತ್ತು ಪದ್ಯ ಮಾತ್ರ.

ಎಷ್ಟೋ ವರ್ಷಗಳ ನಂತರ ಅರಳಿಕಟ್ಟೆಯಲ್ಲೋ ಮದುವೆ ಮನೆಯ ಜಗಲಿಯಲ್ಲೋ ಯಾರಾದರೊಬ್ಬರು ಆವತ್ತಿನ ಪಾತ್ರಧಾರಿಯನ್ನು ಹಿಡಿದು, ‘ಆ ಪದ್ಯ ಒಂದ್ಸಲ ಹೇಳಣ್ಣ’ ಎನ್ನುತ್ತಾರೆ. ಆತ ಮೊದಲು ಗಂಟಲು ಸರಿಯಿಲ್ಲ ಎನ್ನುತ್ತಾನೆ. ಆಮೇಲೆ ಎದ್ದು ನಿಲ್ಲುತ್ತಾನೆ. ಪಕ್ಕದಲ್ಲಿ ಪಾಂಡವರಿಲ್ಲ, ಹಿಂದೆ ಅರಮನೆಯ ಪರದೆಯಿಲ್ಲ, ಮುಖಕ್ಕೆ ಬಣ್ಣವಿಲ್ಲ. ಒಬ್ಬನೇ ನಿಂತು ಹಾಡುವ ಆ ಎರಡು ಮೂರು ನಿಮಿಷಗಳಲ್ಲಿ ಇಡೀ ರಾತ್ರಿ ಮತ್ತೆ ಕೇಳುವವರ ಕಣ್ಣ ಮುಂದೆ ಬರುತ್ತದೆ.

ಹೀಗೆ ಹಳೆಯ ಜನಪ್ರಿಯ ಹಾಡುಗಳನ್ನು ಪೋಣಿಸಿಕೊಂಡು ಒಬ್ಬರೇ ವೇದಿಕೆಯ ಮೇಲೆ ನಿಲ್ಲುವುದು ಇಂದು ನಗರಗಳಲ್ಲಿ ಒಂದು ಪ್ರತ್ಯೇಕ ಪ್ರದರ್ಶನವೇ ಆಗಿದೆ. ಕನ್ನಡದಲ್ಲಿ ಅದಕ್ಕೆ ‘ರಂಗಗೀತೆಗಳ ಕಾರ್ಯಕ್ರಮ’ ಎಂಬ ಸರಳವಾದ ಹೆಸರಿದೆ. ಅದು ಬರೀ ಹಳೆಯದರ ಹಂಬಲವೇ ಅಥವಾ ಅದರಲ್ಲಿ ಚರಿತ್ರೆಯೂ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಹಾಡುಗಳು ಬಂದ ದಾರಿಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಅಂಕಿತ ಮತ್ತು ಮಕ್ತಾ

ಕೆಂಚಾರ್ಲಹಳ್ಳಿಯ ಸೀಮೆಗೆ ಒಬ್ಬನೇ ನಿಂತು ಹಾಡುವುದು ಹೊಸತಲ್ಲ. ಅದೇ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರನ್ನು ಜನ ಕೈವಾರ ತಾತಯ್ಯ ಎಂದು ಕರೆಯುತ್ತಾರೆ. 1726ರಲ್ಲಿ ಹುಟ್ಟಿ 1836ರವರೆಗೆ ಬದುಕಿದ್ದರೆಂಬುದು ಪರಂಪರೆಯ ನಂಬಿಕೆ. ಬಳೆ ಮಾರುತ್ತ ಊರೂರು ತಿರುಗಿದ ಈ ತಾತಯ್ಯ ತೆಲುಗು ಮತ್ತು ಕನ್ನಡ ಎರಡರಲ್ಲೂ ಪದಗಳನ್ನು ಕಟ್ಟಿದರು. ಈ ಸೀಮೆಯ ಬದುಕೇ ಹಾಗೆ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮುಸ್ಲಿಮರ ಮನೆಗಳಲ್ಲಿ ಉರ್ದು. ಸಂತೆಗೆ ಬಂದರೆ ಮೂರೂ ಬೆರೆಯುತ್ತವೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಆದರೆ ಈ ಮೂರು ನಾಲಿಗೆಯ ಸ್ವಭಾವ ಜಿಲ್ಲೆಯ ಗಡಿಯನ್ನು ಕೇಳುವುದಿಲ್ಲ. ಮುರುಗಮಲ್ಲದ ದರ್ಗಾಕ್ಕೆ ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊತ್ತು ಬರುವ ನಾಡು ಇದು.

ತಾತಯ್ಯನವರ ಪದಗಳನ್ನು ಏಕತಾರಿ ಹಿಡಿದು ಹಾಡುವವರು ಕೊನೆಯ ಸಾಲಿಗೆ ಬಂದಾಗ ‘ಅಮರ ನಾರೇಯಣ’ ಎಂಬ ಅಂಕಿತ ಕೇಳುತ್ತದೆ. ಹಾಡು ಯಾರದೆಂದು ಹಾಡೇ ಹೇಳುತ್ತದೆ. ಹಾಡಿದವನು ಬೇರೆ, ಕಟ್ಟಿದವರು ಬೇರೆ ಎಂಬ ಅರಿವು ಆ ಅಂಕಿತದಲ್ಲೇ ಇದೆ. ಉರ್ದು ಗಜಲಿನಲ್ಲೂ ಇದೇ ಕ್ರಮ. ಕೊನೆಯ ಷೇರಿಗೆ ಮಕ್ತಾ ಎಂದು ಹೆಸರು. ಅದರಲ್ಲಿ ಕವಿ ತನ್ನ ತಖಲ್ಲುಸ್ ಅಂದರೆ ಕಾವ್ಯನಾಮವನ್ನು ಇಟ್ಟು ಹೋಗುತ್ತಾನೆ. ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿದರೂ ಹೆಸರು ಅಳಿಸಿ ಹೋಗದಿರಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಇದು. ಭಕ್ತನಾಗಲಿ ಪ್ರೇಮಿಯಾಗಲಿ ಹಾಡಿನ ಕೊನೆಯಲ್ಲೊಂದು ಹೆಸರು ಬೇಕು.

ನಾಟಕದ ಹಾಡಿಗೆ ಇಂಥ ಅಂಕಿತವಿಲ್ಲ. ಅದು ದುಷ್ಯಂತನ ಬಾಯಲ್ಲಿ, ಸುಭದ್ರೆಯ ಬಾಯಲ್ಲಿ ಬರಬೇಕು. ಅಲ್ಲಿ ಕವಿ ತನ್ನ ಹೆಸರು ಹೇಳಿಕೊಳ್ಳುವಂತಿಲ್ಲ. ಆದರೆ ಹಳೆಯ ನಾಟಕದ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಇನ್ನೊಂದು ಬಗೆಯ ಋಣಪತ್ರ ಇರುತ್ತಿತ್ತು. ಹಾಡಿನ ತಲೆಯ ಮೇಲೆ ರಾಗ, ತಾಳದ ಜೊತೆಗೆ ಕಂಸದಲ್ಲಿ ‘ಮಟ್ಟು’ ಅಥವಾ ‘ಧಾಟಿ’ ಎಂದು ಬರೆದು ಮತ್ತೊಂದು ಹಾಡಿನ ಮೊದಲ ಮಾತುಗಳನ್ನು ಕೊಡುತ್ತಿದ್ದರು. ಈ ಹಾಡನ್ನು ಇಂಥ ಹಾಡಿನಂತೆ ಹಾಡಬೇಕು ಎಂದು ಅದರ ಅರ್ಥ. ಆ ಮತ್ತೊಂದು ಹಾಡು ಎಷ್ಟೋ ಸಲ ಮರಾಠಿಯದು, ಹಿಂದೂಸ್ತಾನಿಯದು, ಉರ್ದುವಿನದು.

ಮಟ್ಟು ಬಂದ ದಾರಿ

1850ರ ದಶಕದ ಆರಂಭದಲ್ಲಿ ಲಖನೌದ ಕವಿ ಆಗಾ ಹಸನ್ ಅಮಾನತ್ ‘ಇಂದರ್ ಸಭಾ’ ಎಂಬ ಸಂಗೀತ ರೂಪಕ ಬರೆದರು. ಇಂದ್ರನ ಆಸ್ಥಾನ, ಬಣ್ಣಬಣ್ಣದ ಪರಿಗಳು, ಒಬ್ಬ ರಾಜಕುಮಾರನ ಪ್ರೇಮ, ಹೀಗೆ ಕಥೆ ಬಹಳ ತೆಳುವಾದದ್ದು. ಗಜಲು, ಠುಮ್ರಿ, ಹೋಳಿ ಹಾಡುಗಳೇ ಅದರ ಜೀವ. ಹಿಂದೂ ದೇವಲೋಕ, ಫಾರಸಿ ಕಥೆಗಳ ಪರಿಗಳು, ಅವಧದ ದೇಸಿ ಹಾಡು ಒಂದೇ ರಂಗದ ಮೇಲೆ ಸೇರಿದ್ದವು. ಅದೇ ಹೊತ್ತಿಗೆ ಮುಂಬಯಿಯಲ್ಲಿ ಪಾರ್ಸಿ ನಾಟಕ ಮಂಡಳಿಗಳು ಶುರುವಾದವು. ಅವು ಇಂದರ್ ಸಭಾವನ್ನೂ ಆ ಮಾದರಿಯ ಬೇರೆ ಉರ್ದು ನಾಟಕಗಳನ್ನೂ ಎತ್ತಿಕೊಂಡು ರೈಲು ಹೋದಲ್ಲೆಲ್ಲ ಹೋದವು.

ಇತ್ತ ನಮ್ಮ ಕಡೆಯಿಂದಲೂ ಒಂದು ಹೊಳೆ ಹರಿದಿತ್ತು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನದ ಮೇಳ ಸಾಂಗ್ಲಿಗೆ ಹೋಗಿ ಆಟವಾಡಿದ್ದೇ ಪ್ರೇರಣೆಯಾಗಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದರು. ಮುಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಪಾರ್ಸಿ ಕಂಪನಿಯ ಹಾಡುನಾಟಕ ಕಂಡು, ನಮ್ಮಲ್ಲೂ ಹೀಗೇಕೆ ಆಗಬಾರದು ಎಂದು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದರು. ಆ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಬಂದಾಗ ಕನ್ನಡದವರಿಗೆ ರುಚಿಯೂ ಹತ್ತಿತು, ಅಭಿಮಾನವೂ ಕೆರಳಿತು. ಗದಗದಲ್ಲಿ ಶಾಂತಕವಿಗಳು 1870ರ ದಶಕದಲ್ಲೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ಹುಟ್ಟಿ, ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ‘ಶಾಕುಂತಲ’ವನ್ನು ಕನ್ನಡಿಸಿದರು. ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾಯಿತು.

ಕರ್ಕಿಯಿಂದ ಸಾಂಗ್ಲಿಗೆ, ಲಖನೌದಿಂದ ಮುಂಬಯಿಗೆ, ಮುಂಬಯಿಯಿಂದ ಪುಣೆಗೆ, ಪುಣೆಯಿಂದ ಗದಗಕ್ಕೆ. ಈ ದಾರಿಯಲ್ಲಿ ‘ಪಾರ್ಸಿ ಮಟ್ಟು’ ಎಂಬ ಮಾತು ಕನ್ನಡದ್ದೇ ಆಗಿಹೋಯಿತು. ಯಾವುದೋ ಉರ್ದು ಹಾಡಿನ ಏರಿಳಿತಕ್ಕೆ ನಮ್ಮ ಪಂಡಿತರು ಹಳಗನ್ನಡದ ಪದ ಕೂಡಿಸಿದರು. ಸೀತೆಯ ಅಳಲು ಹೀಗೆ ಲಖನೌದ ಠುಮ್ರಿಯಂತೆ ಕೇಳಿಸಿತು. ಕೇಳಿದವರಿಗೆ ಅದು ಅನ್ಯವೆನಿಸಲಿಲ್ಲ. ಸಂಸ್ಕೃತಿಯಲ್ಲಿ ಕೊಡುಕೊಳ್ಳುವಿಕೆ ಎಂದು ನಾವು ವೇದಿಕೆಗಳಲ್ಲಿ ಹೇಳುವ ಮಾತಿಗೆ ಆ ಕಂಸದೊಳಗಿನ ಧಾಟಿಯ ಸಾಲಿಗಿಂತ ಗಟ್ಟಿ ಪುರಾವೆ ಬೇಕಿಲ್ಲ.

ಒನ್ಸ್ ಮೋರ್

ಹಾಡು ನಾಟಕದಿಂದ ಬಿಡಿಸಿಕೊಳ್ಳಲು ತೊಡಗಿದ್ದು ಯಾವಾಗ? ರಂಗದ ಮೇಲೇ, ಮೊದಲ ‘ಒನ್ಸ್ ಮೋರ್’ ಕೂಗು ಕೇಳಿದಾಗ ಎನ್ನಬಹುದು. ಪಾತ್ರಧಾರಿ ಹಾಡು ಮುಗಿಸುತ್ತಿದ್ದಂತೆ ಹಿಂದಿನ ಸಾಲಿನಿಂದ ಕೂಗು ಬರುತ್ತದೆ. ನಾಟಕ ನಿಲ್ಲುತ್ತದೆ, ಹಾಡು ಮತ್ತೆ ಶುರುವಾಗುತ್ತದೆ. ಸತ್ತು ಬಿದ್ದ ಪಾತ್ರ ಎದ್ದು ಕೂತು ಹಾಡಿ ಮತ್ತೆ ಸತ್ತ ಪ್ರಸಂಗಗಳನ್ನು ಹಿರಿಯರು ನಗುತ್ತ ಹೇಳುತ್ತಾರೆ. ನಗುವಂಥದ್ದೇ. ಆದರೆ ಆ ಕ್ಷಣದಲ್ಲಿ ಜನ ಕೇಳಿದ್ದು ಕಥೆಯನ್ನಲ್ಲ. ಅವರಿಗೆ ಕಥೆ ಮೊದಲೇ ಗೊತ್ತಿತ್ತು. ಅವರಿಗೆ ಬೇಕಾದದ್ದು ಇನ್ನೊಮ್ಮೆ ಆ ದನಿ.

ಧ್ವನಿವರ್ಧಕ ಇಲ್ಲದ ಕಾಲ ಅದು. ಸಾವಿರ ಜನರ ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಮೇಲಿನ ಶ್ರುತಿಯಲ್ಲಿ ಹಾಡಬೇಕು. ಕಾಲಿನಲ್ಲಿ ತಿದಿಯೊತ್ತುತ್ತ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ, ಜೊತೆಗೆ ತಬಲ. ಅಷ್ಟೇ ಹಿಮ್ಮೇಳ. ಎ.ವಿ. ವರದಾಚಾರ್ಯರಂಥ ನಟರ ಹಾಡು ಕೇಳಲೆಂದೇ ಜನ ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಥಿಯೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಕೆಲವೇ ಕಾಸಿಗೆ ಸಿಗುತ್ತಿತ್ತು. ನಾಟಕ ನೋಡಿದವರು ಅದನ್ನು ಮನೆಗೆ ಒಯ್ದು, ಮನೆಯ ಹೆಂಗಸರಿಗೆ ಓದಿ ಹೇಳಿ, ಅವರು ಆ ಮಟ್ಟಿಗೆ ಹಸೆಯ ಹಾಡು ಕಟ್ಟಿ, ಹೀಗೆ ಕಂಪನಿ ಹೊರಟುಹೋದ ಮೇಲೂ ಹಾಡು ಊರಲ್ಲೇ ನಿಲ್ಲುತ್ತಿತ್ತು. ಇಂದು ನಾವು ‘ಪಾಪ್’ ಎಂದು ಕರೆಯುವ ಸಂಗೀತದ ಕೆಲಸವನ್ನೆಲ್ಲ ಅಂದು ಮಾಡುತ್ತಿದ್ದದ್ದು ಈ ನಾಟಕದ ಹಾಡುಗಳೇ.

ಈ ಕಂಪನಿಗಳಲ್ಲಿ ಎಲ್ಲ ಜಾತಿ ಮತಗಳವರೂ ಇದ್ದರು. ಮಹಮ್ಮದ್ ಪೀರ್ ಎಂಬ ನಟ ಚಂದ್ರಕಲಾ ನಾಟಕ ಮಂಡಳಿಯನ್ನು ಕಟ್ಟಿ ‘ಷಹಜಹಾನ್’, ‘ಗೌತಮ ಬುದ್ಧ’ ನಾಟಕಗಳಲ್ಲಿ ಹೆಸರು ಮಾಡಿದರು. ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ ಈ ಮಂಡಳಿಯಿಂದಲೇ ರಂಗಕ್ಕೆ ಬಂದು, 1936ರಲ್ಲಿ ಚಲನಚಿತ್ರವಾಯಿತು. ಒಬ್ಬ ಮುಸ್ಲಿಂ ನಟ ಬುದ್ಧನಾಗಿ ನಿಂತದ್ದನ್ನು ಆ ಕಾಲದ ಜನ ಬೆರಗಿನಿಂದ ನೋಡಿದರೇ ಹೊರತು ಅನುಮಾನದಿಂದ ನೋಡಲಿಲ್ಲ. ಗದಗದ ಪಂಚಾಕ್ಷರ ಗವಾಯಿಗಳ ಪರಂಪರೆಯಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಲು ನಾಟಕ ಕಂಪನಿಯೇ ಆಸರೆಯಾಯಿತು. ಮಲ್ಲಿಕಾರ್ಜುನ ಮನ್ಸೂರರು ಬಾಲನಟರಾಗಿ ಹಾಡಿದ್ದೂ ಕಂಪನಿ ನಾಟಕದಲ್ಲೇ.

ಮೂರು ನಿಮಿಷದ ಪ್ಲೇಟು

ಒನ್ಸ್ ಮೋರ್ ಕೂಗುವವರಿಗೆ ಯಂತ್ರವೊಂದು ಸಿಕ್ಕಿದ್ದು ಗ್ರಾಮಾಫೋನಿನಿಂದ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ದೊಡ್ಡ ಕೊಳವೆಯೊಂದಕ್ಕೆ ಮುಖ ಕೊಟ್ಟು ಹಾಡಿದರು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಹಿಡಿಯುವುದನ್ನು ಆಕೆ ಬೇಗ ಕಲಿತರು. ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಹೇಳುತ್ತಿದ್ದರು. ಅದು ಗರ್ವದ ಮಾತಲ್ಲ. ಮೇಣದ ಮೂಲಪ್ರತಿ ಜರ್ಮನಿಯ ಹ್ಯಾನೋವರಿನ ಕಾರ್ಖಾನೆಗೆ ಹೋಗಬೇಕಿತ್ತು. ಹಿಂದೂಸ್ತಾನಿ ಅರಿಯದ ಅಲ್ಲಿನ ಕೆಲಸಗಾರರಿಗೆ ಯಾವ ಪ್ಲೇಟಿನ ಮೇಲೆ ಯಾರ ಹೆಸರು ಹಚ್ಚಬೇಕೆಂದು ಗೊತ್ತಾಗಲು ಈ ಏರ್ಪಾಡು. ಆದರೂ ಕೇಳುವವರಿಗೆ ಅದು ಗಜಲಿನ ಮಕ್ತಾದಂತೆಯೇ, ಪದದ ಅಂಕಿತದಂತೆಯೇ ಕೇಳಿಸಿತು. ಹಾಡಿನ ಕೊನೆಯಲ್ಲೊಂದು ಹೆಸರು.

ಇದೇ ಗೌಹರ್ ಜಾನ್ ತಮ್ಮ ಕೊನೆಗಾಲದಲ್ಲಿ ಕರ್ನಾಟಕದವರಾದರು. ವೈಭವ ಕರಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ 1928ರಲ್ಲಿ ಅವರನ್ನು ಅರಮನೆಯ ವಿದುಷಿಯಾಗಿ ಬರಮಾಡಿಕೊಂಡಿತು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಇತ್ತೀಚಿನ ವರ್ಷಗಳಲ್ಲಿ ಬಂಗಾಳದ ನಟಿ ಅರ್ಪಿತಾ ಚಟರ್ಜಿ ‘ಮೈ ನೇಮ್ ಈಸ್ ಜಾನ್’ ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ಒಬ್ಬರೇ ನಿಂತು, ಗೌಹರರ ಬದುಕನ್ನು ಅವರದೇ ಹಾಡುಗಳ ಮೂಲಕ ಹೇಳುತ್ತ ಬಂದಿದ್ದಾರೆ. ಕಲ್ಕತ್ತೆಯವರು ನೆನೆದ ಆ ಹೆಸರನ್ನು, ಆಕೆ ಕಣ್ಮುಚ್ಚಿದ ನಾಡಿನವರಾದ ನಾವು ಎಷ್ಟು ಸಲ ನೆನೆದಿದ್ದೇವೆ?

ನಮ್ಮದೇ ಬೀಳಗಿಯ ಅಕ್ಕತಂಗಿಯರ ಕಥೆಯೂ ಇದಕ್ಕಿಂತ ಬೇರೆಯಲ್ಲ. ರಂಗಸಂಗೀತದ ನಂಟಿದ್ದ ಮನೆಯಲ್ಲಿ ಹುಟ್ಟಿದ ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರರಂಗದ ದೊಡ್ಡ ದನಿಯಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವರನ್ನು ದೇಶದ ಮನೆಮಾತಾಗಿಸಿದವು. ಎಷ್ಟು ಎತ್ತರಕ್ಕೆ ಹೋದರೂ ಆಕೆ ಹೆಸರಿನ ಜೊತೆ ‘ಕರ್ನಾಟಕಿ’ ಎಂಬುದನ್ನು ಬಿಡಲಿಲ್ಲ. 1965ರಲ್ಲಿ ತೀರಿಕೊಂಡು ಬಿಜಾಪುರದ ಮಣ್ಣಿಗೆ ಮರಳಿದರು. ಗೋಹರಬಾಯಿ ಕರ್ನಾಟಕಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿ ನಾಯಕಿಯ ಪಾತ್ರ ವಹಿಸಿ, ಅವರ ಇಳಿಗಾಲದ ಸಂಗಾತಿಯಾದರು. ಬಾಲಗಂಧರ್ವರ ಅವನತಿಗೆ ಈಕೆಯೇ ಕಾರಣವೆಂಬಂತೆ ಆಡಿಕೊಂಡವರೂ ಇದ್ದರು. ಅಮೀರಬಾಯಿಯವರ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕ ಬರೆಯುವವರೆಗೆ ಈ ಸೋದರಿಯರ ಹೆಸರು ನಮ್ಮ ಹೊಸ ತಲೆಮಾರಿಗೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ಹಾಡು ಮಾತ್ರ ಉಳಿದಿತ್ತು.

ಟಾಕಿ ಬಂದ ಮೇಲೆ

1932ರಲ್ಲಿ ಮದನ್ ಥಿಯೇಟರ್ಸ್‌ನವರು ‘ಇಂದ್ರಸಭಾ’ವನ್ನು ಮಾತನಾಡುವ ಚಿತ್ರವಾಗಿಸಿದಾಗ ಅದರಲ್ಲಿ ಸುಮಾರು 70 ಹಾಡುಗಳಿದ್ದವು. ಟಾಕಿ ಹುಟ್ಟಿದ್ದೇ ನಾಟಕದ ಮಡಿಲಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಕನ್ನಡವೂ ಬೆಳ್ಳಿತೆರೆಯ ಮೇಲೆ ಮಾತನಾಡಿತು. ಅದರ ಮುಖ್ಯ ನಟರಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರೇ. ಅದೇ 1934ರಲ್ಲಿ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಸಿನಿಮಾದೊಂದಿಗೆ ನಾಟಕ ನಡೆಸಿದ ದೊಡ್ಡ ಪೈಪೋಟಿ ಎಂದು ಅದನ್ನು ನೋಡಬಹುದು. ಆದರೆ ಆನೆಗೆ ದಿನವೂ ಮೇವು ಬೇಕು. ಫಿಲ್ಮಿನ ಡಬ್ಬಿಗೆ ಬೇಡ.

ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಕಂಪನಿಗಳು ಒಂದೊಂದಾಗಿ ಪರದೆ ಇಳಿಸಿದವು. 1954ರಲ್ಲಿ ಗುಬ್ಬಿ ಕಂಪನಿಯ ನಾಟಕ ‘ಬೇಡರ ಕಣ್ಣಪ್ಪ’ ಸಿನಿಮಾ ಆದಾಗ ಅದೇ ಕಂಪನಿಯಲ್ಲಿ ಪಳಗಿದ್ದ ಮುತ್ತುರಾಜ ಎಂಬ ಯುವಕ ರಾಜಕುಮಾರ್ ಆದರು. ಅವರ ಹಾಡಿನಲ್ಲಿ ಕಡೆಯವರೆಗೂ ಇದ್ದ ಆ ತುಂಬು ದನಿ, ಒಂದೊಂದು ಅಕ್ಷರವನ್ನೂ ಕೊನೆಯ ಸಾಲಿಗೆ ಮುಟ್ಟಿಸುವ ಎಚ್ಚರ, ಕಂಪನಿ ನಾಟಕದ ಗರಡಿಯದು. ಪಾತ್ರಧಾರಿಗಳಲ್ಲಿ ಅದೃಷ್ಟವಿದ್ದ ಕೆಲವರು ಸಿನಿಮಾ ಸೇರಿದರು. ಉಳಿದವರು ಊರಿಗೆ ಮರಳಿದರು. ಹಾರ್ಮೋನಿಯಂ ಮೇಷ್ಟ್ರುಗಳು ಹೊಟ್ಟೆಪಾಡಿಗೆ ಹಳ್ಳಿಗಳಿಗೆ ಹೋಗಿ ರೈತರಿಗೆ ನಾಟಕ ಕಲಿಸತೊಡಗಿದರು. ಇಂದಿಗೂ ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಡೆಯುವ ಪೌರಾಣಿಕ ನಾಟಕಗಳ ಹಿಂದೆ ಈ ಮೇಷ್ಟ್ರುಗಳ ದೊಡ್ಡ ಪರಂಪರೆಯಿದೆ. ಪಟ್ಟಣ ಕೈಬಿಟ್ಟ ಹಾಡನ್ನು ಹಳ್ಳಿ ಕೈಹಿಡಿಯಿತು.

ಒಬ್ಬರೇ ನಿಂತಾಗ

ನಾಟಕವಿಲ್ಲದೆ ನಾಟಕದ ಹಾಡನ್ನೇ ಸಭೆಗೆ ತರುವ ಕ್ರಮ ಮರಾಠಿಯಲ್ಲಿ ಬೇಗ ಬೇರೂರಿತು. ಅಲ್ಲಿ ‘ನಾಟ್ಯಸಂಗೀತ’ವೆಂಬುದು ಸಂಗೀತ ಕಛೇರಿಯ ಒಂದು ಗೌರವದ ಪ್ರಕಾರವಾಯಿತು. ಕನ್ನಡದಲ್ಲಿ ಆ ಮನ್ನಣೆ ತಡವಾಗಿ ಬಂತು. ಶಾಸ್ತ್ರೀಯದವರಿಗೆ ಅದು ಹಗುರ, ಹೊಸ ನಾಟಕದವರಿಗೆ ಅದು ಹಳತು. ನಡುವೆ ನಿಂತು ಅದನ್ನು ಕಾಪಾಡಿದವರು ಕೆಲವರು.

ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು ಸ್ತ್ರೀಪಾತ್ರದಿಂದ ಮೊದಲಾಗಿ ಕಂಪನಿಯ ಮಾಲೀಕರಾಗುವವರೆಗೆ ಎಲ್ಲವನ್ನೂ ಕಂಡವರು. 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು, ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ, ಸಭೆಗಳಲ್ಲಿ ಕೇಳಿದವರಿಗೆ ರಂಗಗೀತೆ ಹಾಡಿ ತೋರಿಸುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರಾಗಿ ಬದುಕು ಸವೆಸಿದ ಆರ್. ಪರಮಶಿವನ್ ಹಳೆಯ ಮಟ್ಟುಗಳ ನಡೆದಾಡುವ ಭಂಡಾರದಂತಿದ್ದು, ಹವ್ಯಾಸಿ ರಂಗಭೂಮಿಯ ಹುಡುಗರಿಗೆ ಅವನ್ನು ಕಲಿಸಿಕೊಟ್ಟರು. ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಕಂಪನಿಯ ಹಾಡಿನ ಗುಟ್ಟನ್ನು ಆಧುನಿಕ ನಾಟಕಕ್ಕೆ ದಾಟಿಸಿದರು. 2002ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹಾಡುಗಳೂ ನಾಟಕದಿಂದ ಬೇರೆಯಾಗಿ ‘ಕಾರಂತರ ರಂಗಗೀತೆ’ ಎಂಬ ಹೆಸರಿನಲ್ಲಿ ಕಾರ್ಯಕ್ರಮಗಳಾದವು. ಅಲ್ಲಿ ಹಾಡಿಗೆ ಕಟ್ಟಿದವರ ಹೆಸರು ಅಂಟಿಕೊಂಡೇ ಬಂದದ್ದು ಸಮಾಧಾನದ ಸಂಗತಿ.

ಆದರೆ ಒಬ್ಬರೇ ನಿಂತು ಒಂದು ಕಾಲವನ್ನೇ ಎಬ್ಬಿಸುವ ಕಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಮನೆಮನೆಗೆ ಮುಟ್ಟಿಸಿದವರು ಬಿ. ಜಯಶ್ರೀ. 1950ರಲ್ಲಿ ಹುಟ್ಟಿದ ಇವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ನಡೆಯಲು ಕಲಿತದ್ದೇ ಕಂಪನಿಯ ರಂಗದ ಮೇಲೆ ಎನ್ನಬಹುದು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು ‘ಸ್ಪಂದನ’ ತಂಡ ಕಟ್ಟಿ, ಕಂಬಾರರ ‘ಕರಿಮಾಯಿ’ಯಂಥ ನಾಟಕಗಳನ್ನು ಆಡಿಸಿದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು. ಇವೆಲ್ಲ ದಾಖಲೆಯ ಮಾತು. ಅವರ ರಂಗಗೀತೆಯ ಕಾರ್ಯಕ್ರಮ ಕೇಳಿದವರು ನೆನೆಯುವುದು ಬೇರೆಯದನ್ನು.

ಒಂದು ಹಾರ್ಮೋನಿಯಂ, ಒಂದು ತಬಲ. ಆಕೆ ನಿಂತು ದನಿ ತೆಗೆದರೆ ಗಂಡುಪಾತ್ರದ ಗತ್ತೂ ಬರುತ್ತದೆ, ಹೆಣ್ಣುಪಾತ್ರದ ಬಳುಕೂ ಬರುತ್ತದೆ. ಹಾಡಿನ ಮುಂಚೆ, ನಡುವೆ, ನಂತರ ಮಾತು. ಅಜ್ಜ ಹೇಗೆ ಕೂರುತ್ತಿದ್ದರು, ಕಂಪನಿ ಹೇಗೆ ಊರಿಂದ ಊರಿಗೆ ಹೋಗುತ್ತಿತ್ತು, ಈ ಹಾಡು ಯಾವ ನಾಟಕದ ಯಾವ ಸಂದರ್ಭದ್ದು ಎಂಬ ಮಾತು. ಕೇಳುವವರು ನಗುತ್ತಾರೆ, ಜೊತೆಗೆ ಹಾಡುತ್ತಾರೆ, ಹಳಬರು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಹತ್ತು ಹಾಡುಗಳ ಒಂದು ಕಛೇರಿ. ಆ ಮಾತುಗಳಿಂದಾಗಿ ಅದು ಒಂದು ನಾಟಕವಾಗುತ್ತದೆ. ಅದರ ಪಾತ್ರ ದ್ರೌಪದಿಯೂ ಅಲ್ಲ, ಸುಭದ್ರೆಯೂ ಅಲ್ಲ. ಕಂಪನಿಯೇ ಅದರ ಪಾತ್ರ. ಹಳೆಯ ಪುಸ್ತಕದ ಕಂಸದಲ್ಲಿ ಮುದ್ರಿಸುತ್ತಿದ್ದ ಆ ಧಾಟಿಯ ಸಾಲನ್ನು ಇಲ್ಲಿ ಬಾಯಲ್ಲಿ ಹೇಳಲಾಗುತ್ತದೆ, ಅಷ್ಟೇ.

ನಮ್ಮ ಹರಿಕಥೆಯವರು ಮಾಡುತ್ತಿದ್ದದ್ದೂ ಇದೇ ಅಲ್ಲವೇ? ಒಬ್ಬರೇ ನಿಂತು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಚಿಟಿಕೆ ಹಿಡಿದು, ಹಾಡಿ, ಹಾಡಿನ ಸುತ್ತ ಮಾತು ಹೆಣೆಯುವುದು. ಮಹಾಲಿಂಗಪುರದ ಇಬ್ರಾಹಿಂ ಸುತಾರರು 2022ರಲ್ಲಿ ತೀರಿಕೊಳ್ಳುವವರೆಗೂ ತತ್ವಪದಗಳನ್ನು ಹಾಡಿ, ಪ್ರಶ್ನೆ ಕೇಳಿ, ಉತ್ತರ ಹೇಳಿ ಹಳ್ಳಿಯ ಜನರನ್ನು ರಾತ್ರಿಯೆಲ್ಲ ಕೂರಿಸುತ್ತಿದ್ದ ಕ್ರಮದಲ್ಲೂ ಹಾಡಿನಷ್ಟೇ ಮಾತು ಮುಖ್ಯವಾಗಿತ್ತು. ಹಾಡು ಮನಸ್ಸನ್ನು ತೆರೆಯುತ್ತದೆ. ತೆರೆದ ಮನಸ್ಸಿಗೆ ಏನು ಹಾಕುತ್ತೇವೆ ಎಂಬುದು ಮಾತಿನ ಹೊಣೆ.

ಹಂಬಲದ ಮಿತಿ

ಹಳೆಯ ಹಾಡು ಕೇಳಿದಾಗ ನಮಗೆ ಸುಖವಾಗುತ್ತದೆ. ಆ ಸುಖದಲ್ಲಿ ಒಂದು ಅಪಾಯವೂ ಇದೆ. ಆ ಕಾಲವೆಲ್ಲ ಚಿನ್ನದ ಕಾಲವಾಗಿತ್ತು ಎಂಬ ಭ್ರಮೆ ಹುಟ್ಟುತ್ತದೆ. ಕಂಪನಿಯ ನಟಿಯನ್ನು ಚಪ್ಪಾಳೆ ತಟ್ಟಿ ಮೆಚ್ಚಿದ ಸಮಾಜವೇ ಅವಳಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿತ್ತು. ಮಳೆ ಹಿಡಿದರೆ ಕಂಪನಿಯ ಒಲೆ ಉರಿಯುತ್ತಿರಲಿಲ್ಲ. ಸಂಬಳ ತಿಂಗಳಾನುಗಟ್ಟಲೆ ಬಾಕಿ ನಿಲ್ಲುತ್ತಿತ್ತು. ಮುಸ್ಲಿಂ ಕುಟುಂಬಗಳ ಒಳಗಿನ ಮಾತನ್ನೂ ಮುಚ್ಚಿಡಬೇಕಿಲ್ಲ. ರಂಗಕ್ಕೆ ಹೋದ ಹೆಣ್ಣುಮಕ್ಕಳನ್ನು ನಾವೂ ನಮ್ಮವರೆಂದು ಹೇಳಿಕೊಳ್ಳಲು ಹಿಂಜರಿದೆವು. ಅಮೀರಬಾಯಿ, ಗೋಹರಬಾಯಿಯರ ಹೆಸರು ಮಸುಕಾದದ್ದಕ್ಕೆ ಹೊರಗಿನವರ ಮರೆವು ಎಷ್ಟು ಕಾರಣವೋ ಮನೆಯವರ ಸಂಕೋಚವೂ ಅಷ್ಟೇ ಕಾರಣ. ಹಾಡು ಧರ್ಮಸಮ್ಮತವೋ ಅಲ್ಲವೋ ಎಂಬ ಚರ್ಚೆ ಅದರ ಜಾಗದಲ್ಲಿ ನಡೆಯಲಿ. ಒಬ್ಬ ಮನುಷ್ಯಳ ದುಡಿಮೆಯನ್ನು ಅಳಿಸಿಹಾಕಲು ಆ ಚರ್ಚೆ ಅನುಮತಿ ಕೊಡುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಹಾಡಿನಿಂದ ಧಾಟಿಯ ಸಾಲು ಬಿದ್ದುಹೋದರೆ, ಆ ಹಾಡು ಅನಾದಿಯಿಂದ ನಮ್ಮೊಬ್ಬರದೇ ಆಗಿತ್ತು ಎಂದು ಯಾರು ಬೇಕಾದರೂ ಹೇಳಬಹುದು. ಪಾರ್ಸಿ ಮಟ್ಟು ಎಂಬ ಮಾತು ಮರೆತರೆ ಲಖನೌ ಮರೆಯುತ್ತದೆ, ಅಮಾನತ್ ಮರೆಯುತ್ತಾರೆ, ಪೀರ್ ಮರೆಯುತ್ತಾರೆ. ಆಮೇಲೆ ‘ಇವರಿಗೂ ನಮ್ಮ ಸಂಸ್ಕೃತಿಗೂ ಏನು ಸಂಬಂಧ’ ಎಂಬ ಪ್ರಶ್ನೆ ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ. ಆ ಪ್ರಶ್ನೆಗೆ ಕೋಪದ ಉತ್ತರ ಬೇಕಿಲ್ಲ. ಹಳೆಯ ಹಾಡಿನ ಪುಸ್ತಕವೊಂದನ್ನು ತೆರೆದು ತೋರಿಸಿದರೆ ಸಾಕು. ಆದರೆ ಪುಸ್ತಕ ಇರಬೇಕಲ್ಲ?

ಗ್ರಂಥಾಲಯಗಳು ಎಲ್ಲವನ್ನೂ ಇಟ್ಟುಕೊಂಡಿಲ್ಲ. ಹಾಡಿನ ಪುಸ್ತಕಗಳು ತೀರಾ ಅಗ್ಗದ ಕಾಗದದವು, ಗೆದ್ದಲಿಗೆ ಹೋದವು. ಪ್ಲೇಟುಗಳು ಒಡೆದವು. ಆದರೆ ಹಳ್ಳಿಗಳಲ್ಲಿ ಇನ್ನೂ ಮೇಷ್ಟ್ರುಗಳಿದ್ದಾರೆ. ಅವರ ಟ್ರಂಕಿನಲ್ಲಿ ಕೈಬರಹದ ನೋಟುಪುಸ್ತಕಗಳಿವೆ. ಅವರ ತಲೆಯಲ್ಲಿ ಪುಸ್ತಕದಲ್ಲಿ ಇಲ್ಲದ್ದೂ ಇದೆ. ಈ ಮಟ್ಟನ್ನು ತಾನು ಯಾರಿಂದ ಕಲಿತೆ, ಅವರು ಯಾರಿಂದ ಕಲಿತರು, ಮೂಲ ಹಾಡು ಯಾವ ಭಾಷೆಯದು ಎಂಬುದು ಅವರಿಗೆ ಗೊತ್ತಿರುತ್ತದೆ. ಕೇಳುವವರಿಲ್ಲದೆ ಅವರೂ ಹೇಳುವುದಿಲ್ಲ.

ಹಾಗಾಗಿ ಕೆಂಚಾರ್ಲಹಳ್ಳಿಯಂಥ ಊರಿನ ಅರಳಿಕಟ್ಟೆಯಲ್ಲಿ ಮುಂದಿನ ಸಲ ಯಾರಾದರೂ ‘ಆ ಪದ್ಯ ಒಂದ್ಸಲ ಹೇಳಣ್ಣ’ ಎಂದಾಗ, ಮೊಬೈಲ್ ಹಿಡಿದು ಕೂತ ಹುಡುಗರು ಹಾಡಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ ಕೇಳಲಿ. ‘ಇದನ್ನ ನಿಂಗೆ ಯಾರಣ್ಣ ಕಲಿಸಿದ್ದು?’ ಉತ್ತರ ಬಂದರೆ ಅದನ್ನೂ ಹಾಡಿನ ಜೊತೆಯಲ್ಲೇ ದಾಖಲಿಸಿಕೊಳ್ಳಲಿ. ತಾತಯ್ಯನವರ ಪದಕ್ಕೆ ಅಂಕಿತವಿದೆ, ಗಜಲಿಗೆ ಮಕ್ತಾ ಇದೆ, ಗೌಹರ್ ಜಾನರ ಪ್ಲೇಟಿಗೆ ಅವರದೇ ದನಿಯಲ್ಲಿ ಹೆಸರಿದೆ. ನಾಟಕದ ಹಾಡಿನ ಕೊನೆಗೆ ಹೆಸರು ಹಚ್ಚುವ ಕೆಲಸ ಮಾತ್ರ ಕೇಳುವವರಾದ ನಮ್ಮ ಪಾಲಿಗೆ ಉಳಿದಿದೆ.